ಕಲ್ಲುಹುಲಿಯ ಬಾಯಿ

"ಅದರ ಬಾಯಾಗಿನ ಮಣ್ಣು ತಗೀಬ್ಯಾಡ್ರಿ ಸಾಹೇಬ್ರ. ನಮ್ಮ ಹಿರ್ಯಾರು ಕಟ್ಟಿದ ಬಾಯಿ ಅದು," ಎಂದಳು ಕುರಿ ಕಾಯುವ ಮುದುಕಿ ಸತ್ಯವ್ವ.

ಶಶಿಧರ ನಕ್ಕುಬಿಟ್ಟ. ವಸ್ತುಸಂಗ್ರಹಾಲಯದ ಕೆಲಸಕ್ಕೆಂದು ಗದಗಿನಿಂದ ಬೆಳಗಾವಿಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ, ಆಗಲೇ ಊರಿಗೆಲ್ಲ ಬುದ್ಧಿ ಹೇಳುವ ಹುರುಪು. ಖಾನಾಪುರದಾಚೆಯ ಬಯಲಿನಲ್ಲಿ ಟ್ರ್ಯಾಕ್ಟರಿನ ನೇಗಿಲಿಗೆ ಸಿಕ್ಕಿದ್ದು ಮೊಣಕೈ ಉದ್ದದ ಕಲ್ಲಿನ ಹುಲಿ. ಕಬ್ಬಿಣವನ್ನೇ ಕಾಣದ ಜನ ಕೆತ್ತಿದ್ದು. ಬಹಳ ಕಾಲದ ಮೇಲೆ ಅದನ್ನು ಕಂಡ ದನಗಾಹಿಗಳು ಮಂತ್ರ ಹೇಳಿ, ಬಾಯಿಗೆ ಮಣ್ಣು ಮೆತ್ತಿ ಹೂತಿದ್ದರಂತೆ. ಹಾಗೆ ಬಾಯಿ ಕಟ್ಟಿದರೆ ಅಡವಿಯ ಹುಲಿ ದನ ಮುಟ್ಟುವುದಿಲ್ಲವಂತೆ.

"ಬಿಚ್ಚಿದ್ರ ಏನಾಗತೈತಿ?"

"ಬಿಚ್ಚಿದವ್ರಿಗೇ ಅದರ ಹಸಿವು ಹತ್ತತೈತ್ರಿ. ಮನ್ಯಾಗ ಸಣ್ಣ ಕೂಸು ಐತೇನ್ರಿ?"

"ಮಗಳದಾಳ. ಹುಲಿ ಬಾಯಿ ತೊಳದು ಬಂದೆ ಅಂದ್ರ ಕುಣೀತಾಳ!"

ಸತ್ಯವ್ವ ಕುರಿಗಳನ್ನು ಹೊಡೆದುಕೊಂಡು ಹೊರಟೇಬಿಟ್ಟಳು.

ಫೋಟೋಗೆ ಬಾಯಿ ಸ್ವಚ್ಛ ಕಾಣಬೇಕಲ್ಲ! ಶಶಿಧರ ಬಿದಿರುಕಡ್ಡಿಯಿಂದ ಕೆದಕಿದ. ಒಣಗಿದ ಮಣ್ಣು ಹೆಂಟೆಯಾಗಿ ಉದುರಿತು. ಹಸಿ ಮಾಂಸದ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಯಾವುದೋ ಇಲಿ ಸತ್ತಿರಬೇಕೆಂದುಕೊಂಡು ಕೈ ಒರೆಸಿಕೊಂಡ.

ಬೆಳಗಾವಿಗೆ ಮರಳುವಾಗ ದೇಸೂರ ದಾಟುವಷ್ಟರಲ್ಲಿ ಹಸಿವು ಶುರುವಾಯಿತು. ಡಬ್ಬಿಯ ರೊಟ್ಟಿ ಮುಗಿಸಿದ. ಕಾರು ನಿಲ್ಲಿಸಿ ವಡಾಪಾವ್ ತಿಂದ, ಒಂದು ಡಜನ್ ಬಾಳೆಹಣ್ಣು ತಿಂದ. ಹೊಟ್ಟೆಯೊಳಗೆ ಯಾರೋ ಉಗುರಿನಿಂದ ಕೆರೆಯುತ್ತಿದ್ದರು. ಹುಚ್ಚು ಮುದುಕಿಯ ಮಾತು ತಲೆಗೇರಿದೆಯೆಂದು ತನ್ನನ್ನೇ ಬೈದುಕೊಂಡ. ಕೈ ಮಾತ್ರ ಖಾಲಿ ಡಬ್ಬಿಯನ್ನು ತಡಕಾಡುತ್ತಲೇ ಇತ್ತು.

ಸಂಜೆ ಮನೆಯೊಳಗೆ ಕಾಲಿಟ್ಟದ್ದೇ ತಡ, ನಾಲ್ಕು ವರ್ಷದ ಐಶ್ವರ್ಯಾ ಓಡಿಬಂದು ಕೊರಳಿಗೆ ಜೋತುಬಿದ್ದಳು. ಹಾಲಿನ ವಾಸನೆ. ಎಳೆ ಬೆವರಿನ ವಾಸನೆ. ಅವನ ಬಾಯಲ್ಲಿ ನೀರೂರಿತು.

ಪ್ರಾಣಕ್ಕಿಂತ ಹೆಚ್ಚಿನ ಮಗಳು. ಅವಳ ಕೆನ್ನೆಗೆ ಅವನ ಹಲ್ಲು ತಾಗಿತ್ತು. ಕಚ್ಚಿರಲಿಲ್ಲ. ಇನ್ನೂ ಕಚ್ಚಿರಲಿಲ್ಲ.

"ಮಾಲಾ! ಈಕಿನ್ನ ಒಳಗ ಕರ್ಕೊಂಡು ಹೋಗು! ಚಿಲಕ ಹಾಕ್ಕೋ! ನಾ ಏನ ಅಂದ್ರೂ ತಗೀಬ್ಯಾಡ!"

ಹೆಂಡತಿ ಅವನ ಮುಖ ನೋಡಿದಳು. ಮಗುವನ್ನು ಕಿತ್ತುಕೊಂಡು ಮಲಗುವ ಕೋಣೆಗೆ ಓಡಿದಳು. ಬಾಗಿಲು ಧಡ್ಡನೆ ಮುಚ್ಚಿತು.

ಶಶಿಧರ ಗೋಡೆಗೆ ಬೆನ್ನು ಒತ್ತಿ ಕುಸಿದ. ಜೊಲ್ಲು ಅಂಗಿಯ ಮೇಲೆ ಸುರಿಯುತ್ತಿತ್ತು. ಸದ್ಯ, ಕೂಸು ಉಳಿಯಿತು.

ಒಳಗಿನಿಂದ ಮಾಲಾಳ ನಡುಗುವ ದನಿ ಬಂತು.

"ರೀ... ಈ ಖೋಲಿಗೆ ಒಳಗ ಚಿಲಕ ಇಲ್ರಿ. ಹೊರಗಷ್ಟ ಐತಿ. ನೀವ ಹಾಕ್ರಿ."

ಅವನು ಎದ್ದ. ಚಿಲಕ ಹಾಕಲೆಂದೇ ಎದ್ದ. ಕೈ ಬಾಗಿಲನ್ನು ಒಳಕ್ಕೆ ತಳ್ಳಿತು.