ಸಿಗ್ನಲ್ ಫುಲ್ ಇತ್ತು

ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆ ಐದು ನಿಮಿಷಕ್ಕೆ ಒಂದು ಪ್ರಶ್ನೆ ಕಾಣೆಯಾಯಿತು.

ಪರದೆಯ ಎಡಭಾಗದಲ್ಲಿ ಆಪರೇಷನ್ ಮಾಡಬೇಕಿದ್ದ ಡಾಕ್ಟರಮ್ಮ, ಬಲಭಾಗದಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆ ಒಬ್ಬ ಮುದುಕ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಇಬ್ಬರ ನಡುವೆ ಮಾತು ದಾಟಿಸಲು ತನ್ನ ಮನೆಯ ಮಹಡಿಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ದುಭಾಷಿ ಕೂತಿದ್ದಳು. ಈ ಕೆಲಸಕ್ಕೆ ಸೇರಿ ಅವಳಿಗೆ ಒಂದು ತಿಂಗಳು.

ಎಲ್ಲ ಮುಗಿದು ಒಪ್ಪಿಗೆಯ ರುಜು ಮಾತ್ರ ಬಾಕಿ. ಮುದುಕ ಪೆನ್ನು ಹಿಡಿದವನು ತಲೆ ಎತ್ತಿದ.

“ಎಚ್ಚರ ಆದಾಗ ಪಕ್ಕದಲ್ಲಿ ಯಾರಾದ್ರೂ ಇರ್ತಾರಾ? ಕೇಳಿ ಹೇಳ್ತೀಯೇನಮ್ಮ?”

ಅವಳು ಡಾಕ್ಟರಮ್ಮನ ಕಡೆ ತಿರುಗಿದಳು. ಬಾಯಿ ತೆರೆದಳು. ಪರದೆ ನಿಂತುಹೋಯಿತು. ಪ್ರಶ್ನೆ ಅವಳ ಬಾಯಲ್ಲೇ ಉಳಿಯಿತು.

ಮೂಲೆಯಲ್ಲಿ ನೋಡಿದಳು— ಸಿಗ್ನಲ್ ಫುಲ್. ಫೋನಿನ ವೈಫೈ ನೋಡಿದಳು. ಅದರಲ್ಲೂ ಫುಲ್. ಒಂದು ಅಕ್ಷರ ಹೋಗದು, ಒಂದು ಅಕ್ಷರ ಬಾರದು. ಹತ್ತು ನಿಮಿಷ ಒದ್ದಾಡಿ, ಎದ್ದು ಪಡಸಾಲೆಗೆ ಹೋಗಿಬಂದಳು. ವಾಪಸ್ಸು ಕೂತಾಗ ನೆಟ್ ಏನೂ ಆಗದವರಂತೆ ಓಡುತ್ತಿತ್ತು. ಪರದೆಯಲ್ಲಿ ಮಾತ್ರ ಯಾರೂ ಇರಲಿಲ್ಲ.

ಮಧ್ಯಾಹ್ನ ಕಚೇರಿಯ ಮೇಲಿನವರು ಫೋನ್ ಮಾಡಿದರು.

“ಇದು ಮೂರನೇ ಸಲ. ಆ ತಾತ ಉತ್ತರ ಸಿಗದೆ ರುಜು ಹಾಕಲ್ಲ ಅಂತ ಕೂತರು. ಆಪರೇಷನ್ ಮುಂದಕ್ಕೆ ಹೋಯ್ತು. ಶುಕ್ರವಾರ ಹನ್ನೊಂದಕ್ಕೆ ಅದೇ ಡಾಕ್ಟ್ರು, ಅದೇ ತಾತ. ನೀವೇ ಬೇಕಂತೆ ಅವರಿಗೆ. ಆದ್ರೆ ಇನ್ನೊಂದು ಸಲ ಕಟ್ಟಾದ್ರೆ ಪಟ್ಟಿಯಿಂದ ನಿಮ್ಮ ಹೆಸರು ತೆಗೀಲೇಬೇಕಾಗುತ್ತೆ. ನನ್ನ ಕೈಲೇನೂ ಇಲ್ಲ.”

“ಸರಿ” ಎಂದಳು. ಅಪ್ಪ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಅಂದಿನಿಂದ ಸ್ವಂತ ಮಾತು ‘ಸರಿ’, ‘ಆಯ್ತು’, ‘ಬೇಡ’ಗಳಾಚೆ ಹೋಗಿರಲಿಲ್ಲ. ಬೇರೆಯವರ ಮಾತು ದಾಟಿಸುವಾಗ ಮಾತ್ರ ಅವಳಿಗೆ ಬಾಯಿ ಬರುತ್ತಿತ್ತು. ಆ ಬಾಯಿಯೂ ಈಗ ಶುಕ್ರವಾರದವರೆಗೆ.

ಸಂಜೆ ಅಮ್ಮ ತನ್ನ ಅಕ್ಕನನ್ನು ಕರೆಸಿದಳು.

ದೊಡ್ಡಮ್ಮ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರು ವಿಭಾಗದಲ್ಲಿದ್ದವರು. ನಿವೃತ್ತಿಯಾದರೂ ದೂರುಪುಸ್ತಕ ಬಿಟ್ಟಿರಲಿಲ್ಲ. ನಲ್ಲಿ ಸೋರಿದರೂ ಅದರಲ್ಲಿ ವೇಳೆ ಬರೆಯುವ ಜಾತಿ.

“ಯಾರ ಮೇಲೆ ಅನುಮಾನ?” ಎಂದು ಚಪ್ಪಲಿ ಬಿಡುವ ಮೊದಲೇ ಕೇಳಿದರು.

“ನನ್ನ ಮೇಲೆ” ಎಂದ ತಮ್ಮ. “ಈ ಮನೇಲಿ ಬಲ್ಬ್ ಹೋದ್ರೂ ನನ್ನ ಮೇಲೇ.”

“ಹನ್ನೊಂದಕ್ಕೆ ಏನು ಮಾಡ್ತಿದ್ದೆ?”

“ಕ್ಲಾಸ್ ಕೇಳ್ತಿದ್ದೆ.”

“ನಿಜ ಹೇಳೋ.”

“ಆಟ ಆಡ್ತಿದ್ದೆ. ಆದ್ರೆ ನನ್ನದು ಕಟ್ಟಾಗ್ಲಿಲ್ಲ ದೊಡ್ಡಮ್ಮ! ಕೆಳಗೆ ಹಾಲ್‌ನಲ್ಲಿ ನೆಟ್ ಚೆನ್ನಾಗೇ ಇತ್ತು. ಮೇಲೆ ಅಕ್ಕಂಗೆ ಮಾತ್ರ ಇಲ್ಲ.”

ದೊಡ್ಡಮ್ಮ ಬರೆದುಕೊಂಡರು. “ನೀನೇನೇ ಮಾಡ್ತಿದ್ದೆ?”

“ಮೈಕ್ರೋವೇವ್ ಓವನ್‌ನಲ್ಲಿ ಹಾಲು ಬಿಸಿ ಮಾಡ್ದೆ” ಎಂದಳು ಅಮ್ಮ. “ಸಿಗ್ನಲ್ ಕೆಡಿಸೋದು ಅದೇ ಅಂತ ನೆಟ್‌ನವನು ಅದರ ಮೇಲೆ ಗೂಬೆ ಕೂರಿಸಿ ಹೋಗಿದಾನೆ. ಹದಿನೈದು ದಿನದಿಂದ ತಣ್ಣನೆ ಹಾಲು ಕುಡೀತಿದೀವಿ. ಇವತ್ತು ಒಂದೇ ದಿನ ಮರೆತೆ.”

“ಪಕ್ಕದ್ಮನೆ ಪಿಟೀಲು ಮೇಷ್ಟ್ರು?”

ತಮ್ಮ ಗೋಡೆ ನೋಡಿದ.

“ಅವರಿಗೆ ಪಾಸ್‌ವರ್ಡ್ ಕೊಟ್ಟಿದೀಯಾ?”

“ಒಪ್ಪಂದ ದೊಡ್ಡಮ್ಮ. ಅವರು ಬೆಳಿಗ್ಗೆ ಏಳರ ಮುಂಚೆ ಪಿಟೀಲು ಮುಟ್ಟಲ್ಲ. ನಾನು ನೆಟ್ ಕೊಡ್ತೀನಿ. ಇಡೀ ಬೀದಿಗೆ ಉಪಕಾರ ಮಾಡಿದೀನಿ.”

ಗುರುವಾರ ಬೆಳಿಗ್ಗೆ ನೆಟ್‌ನವನು ನಾಲ್ಕನೆಯ ಬಾರಿಗೆ ಬಂದ. ತಿಂಗಳ ಹಿಂದೆ ಮನೆಗೆ ಮೂರು ವೈಫೈ ಡಬ್ಬಿ ಹಾಕಿದವನು ಅವನೇ— ಕೆಳಗಿನ ಹಾಲ್‌ನಲ್ಲೊಂದು, ಮೆಟ್ಟಿಲ ತಿರುವಿನಲ್ಲೊಂದು, ಮಹಡಿಯ ಪಡಸಾಲೆಯ ಆ ಕೊನೆಯಲ್ಲೊಂದು. ಮೂರಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಕೈಲಿ ಫೋನು ಹಿಡಿದು ಕೆಳಗಿಂದ ಮೇಲೆ ನಡೆದರೆ ಅದು ತಾನಾಗಿಯೇ ಒಂದರ ಕೈಬಿಟ್ಟು ಹತ್ತಿರದ ಇನ್ನೊಂದರ ಕೈ ಹಿಡಿಯುತ್ತದೆ.

“ಮೂರೂ ಸರಿಯಾಗಿವೆ ಅಮ್ಮ” ಎಂದ ಬೆವರು ಒರೆಸುತ್ತ. “ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಮೂರು ಸಲ ಜಾಗ ಬದಲಾಯಿಸಿದೆ. ಇವರ ರೂಮಿಗೆ ಸಿಗ್ನಲ್ ಸ್ವಲ್ಪ ಕಮ್ಮಿ. ಪಕ್ಕದ ಕೋಣೆ ತೆಗೆಸಿಕೊಟ್ರೆ ಅಲ್ಲೇ ಒಂದು ಹಾಕ್ತೀನಿ ಅಂತ ಮೊದಲ ದಿನಾನೇ ಹೇಳ್ದೆ. ಬೇಡ ಅಂದ್ರು.”

“ಅದು ಅವರ ಕೋಣೆ” ಎಂದಳು ಅಮ್ಮ. “ಅಲ್ಲಿರೋದನ್ನ ಯಾರೂ ಮುಟ್ಟೋದು ಬೇಡ.”

ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದ ಕೋಣೆ. ದುಭಾಷಿಯ ಮೇಜು ತಾಗಿದ್ದ ಗೋಡೆಯ ಆಚೆಗೇ ಅದು. ದೊಡ್ಡಮ್ಮ ಆ ಬಾಗಿಲನ್ನು ಒಮ್ಮೆ ನೋಡಿದರು, ತಂಗಿಯ ಮುಖವನ್ನು ಒಮ್ಮೆ. ಪುಸ್ತಕ ತೆಗೆದರು.

“ಪುಟ್ಟಿ, ಈ ತಿಂಗಳು ಎಷ್ಟು ಕಾಲ್ ಮಾಡಿದೀಯ?”

“ಇಪ್ಪತ್ತಾರು.”

“ಕಟ್ಟಾದ ಮೂರು ಯಾವುವು?”

“ಒಂದು ಕೆಟ್ಟ ರಿಪೋರ್ಟ್ ತಿಳಿಸೋದು. ಒಂದು ಮಗುವಿನ ಆಪರೇಷನ್. ಇನ್ನೊಂದು ನಿನ್ನೇದು.”

“ಉಳಿದವು?”

“ಕೆಮ್ಮು. ಕಿವಿನೋವು. ಮಾತ್ರೆ ಊಟಕ್ಕೆ ಮುಂಚೆನಾ ಆಮೇಲಾ—”

“ಅವು ಒಂದೂ ಕಟ್ಟಾಗ್ಲಿಲ್ಲ?”

“ಇಲ್ಲ.”

ತಮ್ಮನೇ ಮೊದಲು ಬಾಯಿ ಬಿಟ್ಟ. “ಅಂದ್ರೆ ನೆಟ್‌ಗೆ ಕನ್ನಡಕ ಹಾಕ್ಕೊಂಡು ಕೇಸ್ ಫೈಲ್ ಓದೋಕೆ ಬರುತ್ತೆ?”

ಯಾರೂ ನಗಲಿಲ್ಲ. ನೆಟ್‌ನವನು ತಲೆ ಕೆರೆದುಕೊಂಡ. ಡಬ್ಬಿಗೆ ಕಿವಿನೋವು ಯಾವುದು, ಕೆಟ್ಟ ಸುದ್ದಿ ಯಾವುದು ಎಂದು ಹೇಗೆ ತಿಳಿಯಬೇಕು? ದುಭಾಷಿಗೆ ಮಾತ್ರ ಇದು ಹೊಸದೆನಿಸಲಿಲ್ಲ. ಮುಖ್ಯವಾದ ಮಾತಿನ ಹೊತ್ತಿಗೆ ಸಂಪರ್ಕ ಕಡಿಯುವುದು ಅವಳಿಗೆ ಒಂದು ವರ್ಷದಿಂದ ಅಭ್ಯಾಸವಾಗಿತ್ತು. ತಪ್ಪು ತನ್ನಲ್ಲೇ ಇದೆಯೇನೋ ಎಂದು ಒಳಗೊಳಗೇ ಅನ್ನಿಸಿತ್ತು.

“ಸರಿ” ಎಂದರು ದೊಡ್ಡಮ್ಮ. “ಕಳ್ಳರೆಲ್ಲ ಒಟ್ಟಿಗೇ ಕಳ್ಳತನ ಮಾಡಿ, ನೋಡೋಣ. ನೀನು ಹಾಲಿಡು. ನೀನು ಆಟ ಆಡು. ಮೇಷ್ಟ್ರಿಗೆ ಆನ್‌ಲೈನ್ ಪಾಠ ಶುರು ಮಾಡೋಕೆ ಹೇಳು. ಪುಟ್ಟಿ, ಮೇಲೆ ಹೋಗಿ ನನ್ನ ಫೋನಿಗೆ ವಿಡಿಯೋ ಕಾಲ್ ಮಾಡು.”

ಓವನ್ ಗುಂಯ್‌ಗುಟ್ಟಿತು. ತಮ್ಮ ಗುಂಡು ಹಾರಿಸಿದ. ಆಚೆ ಮನೆಯಿಂದ ಪಿಟೀಲು ಅಳತೊಡಗಿತು. ಮುಕ್ಕಾಲು ಗಂಟೆ! ದೊಡ್ಡಮ್ಮ ಅಂಗಳದಲ್ಲಿ ನಿಂತು ಎಕ್ಸ್‌ಚೇಂಜಿನ ಕಥೆಗಳನ್ನೆಲ್ಲ ಫೋನಿಗೆ ಹೇಳಿದರು. ಒಂದು ಮಾತೂ ಕಡಿಯಲಿಲ್ಲ.

“ಹಾಲು ಮೂರು ಸಲ ಉಕ್ಕಿತು ಅಕ್ಕ” ಎಂದಳು ಅಮ್ಮ ಸುಸ್ತಾಗಿ. “ಯಾರೂ ಅಲ್ಲ ಅಂದ್ರೆ ಮತ್ತ್ಯಾರು?”

ನೆಟ್‌ನವನು ಚೀಲ ಎತ್ತಿಕೊಂಡು ಹೊರಟ. ದುಭಾಷಿ ಮೆಟ್ಟಿಲಿಳಿದು ಬಂದು ಕೊನೆಯ ಮೆಟ್ಟಿಲ ಮೇಲೆ ಕೂತಳು. ಅರ್ಥವಾಗುವ ಕಾಯಿಲೆಯಾದರೆ ಔಷಧಿಯಾದರೂ ಇರುತ್ತಿತ್ತು.

ದೊಡ್ಡಮ್ಮ ಅವಳ ಪಕ್ಕದಲ್ಲೇ ಮಂಡಿ ಹಿಡಿದು ಕೂತರು.

“ಎಕ್ಸ್‌ಚೇಂಜಲ್ಲಿ ದೂರು ಬಂದ್ರೆ ನಾವು ಮೊದಲು ಒಂದೇ ಕೇಳ್ತಿದ್ದಿದ್ದು. ಡಯಲ್ ಟೋನ್ ಇದೆಯಾ, ಇಲ್ವಾ? ಇಲ್ಲ ಅಂದ್ರೆ ತಂತಿ ಹರಿದಿದೆ. ಇದೆ, ಆದ್ರೂ ಮಾತು ಹೋಗ್ತಿಲ್ಲ ಅಂದ್ರೆ ಬೇರೆ ಕಡೆ ಹುಡುಕ್ಬೇಕು. ನಿನ್ನೆ ಕಟ್ಟಾದಾಗ ಸಿಗ್ನಲ್ ಎಷ್ಟಿತ್ತು?”

“ಫುಲ್.”

“ಈಗ ನನ್ನ ಜೊತೆ ಮಾತಾಡುವಾಗ?”

ಅವಳು ನೆನಪಿಸಿಕೊಂಡಳು. “ಅರ್ಧ.”

“ನೆಟ್‌ನವನಿಗೆ ಇದನ್ನ ಹೇಳಿದ್ಯಾ?”

“ಅವನು ಕೇಳ್ಲಿಲ್ಲ. ಸಿಗ್ನಲ್ ಸಾಲ್ದು ಅಂತ ಅವನೇ ಹೇಳ್ತಿದ್ದ.”

“ನೋಡು ಮಗಾ. ಚೆನ್ನಾಗಿ ನಡೆಯೋವಾಗ ಅರ್ಧ. ಸತ್ತಾಗ ಫುಲ್! ದೂರದ ಡಬ್ಬಿ ಏಕಾಏಕಿ ಜೋರಾಗಿ ಕೂಗುತ್ತಾ? ಇಲ್ಲ. ನಿನ್ನ ಹತ್ತಿರದಲ್ಲೇ ಇನ್ಯಾರೋ ಕೂಗಿದಾರೆ.” ದೊಡ್ಡಮ್ಮ ದನಿ ತಗ್ಗಿಸಿದರು. “ಆ ಮೂರು ದಿನ ಮಾಡಿ, ಉಳಿದ ದಿನ ಮಾಡದೇ ಇರೋದು ಏನಾದ್ರೂ ಇದೆಯಾ? ಇವತ್ತೂ ಮಾಡ್ಲಿಲ್ಲ. ನಾನು ಡಾಕ್ಟ್ರಲ್ವಲ್ಲ, ನನ್ನ ಹತ್ರ ಮಾತಾಡೋಕೆ ನಿನಗೆ ಧೈರ್ಯ ಬೇಕಾಗ್ಲಿಲ್ಲ.”

ದುಭಾಷಿ ಅಮ್ಮನ ಕಡೆ ನೋಡಿದಳು. ಅಮ್ಮ ಓವನ್ ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು.

“ದೀಪ ಹಾಕ್ತೀನಿ.”

“ಯಾವ ದೀಪ?”

“ಅಪ್ಪನ ಮೇಜಿಂದು.” ತಡೆದಳು. “ಪರೀಕ್ಷೆ ದಿನ ನಾನು ಬೆಳಿಗ್ಗೆ ಓದೋವಾಗ ಅಪ್ಪನೂ ಎದ್ದು ಆ ದೀಪ ಹಾಕ್ಕೊಂಡು ಕೂರ್ತಿದ್ರು. ಬಾಗಿಲ ಕೆಳಗೆ ಬೆಳಕು ಕಾಣ್ತಿತ್ತು. ನನಗೆ ಅಷ್ಟೇ ಸಾಕಾಗ್ತಿತ್ತು. ಈಗ— ಕಷ್ಟದ ಕಾಲ್ ಇದ್ದಾಗ— ಕೂರೋಕೆ ಮುಂಚೆ ಸ್ವಿಚ್ ಹಾಕ್ತೀನಿ. ಮುಗಿದ ಮೇಲೆ ಆರಿಸ್ತೀನಿ.”

“ಒಳಗೆ ಹೋಗಿ?”

“ಇಲ್ಲ. ಬಾಗಿಲು ಒಂದು ಗೇಣು ತೆಗೆದು ಕೈ ಮಾತ್ರ ಹಾಕ್ತೀನಿ. ಒಳಗೆ ಹೋಗಿಲ್ಲ.”

“ಹದಿನಾಲ್ಕು ತಿಂಗಳಿಂದ?”

“ಹೋಗಿಲ್ಲ.”

ದೊಡ್ಡಮ್ಮ ಎದ್ದರು. “ಎಲ್ಲರೂ ಬನ್ನಿ. ಲ್ಯಾಪ್‌ಟಾಪ್ ತಗೊಂಡ್ಬಾರೋ.”

ಆ ಬಾಗಿಲನ್ನು ಅಮ್ಮನೇ ತೆಗೆದಳು. ಬೆಸುಗೆ ತವರದ, ಅಂಟಿನ ವಾಸನೆ ಇನ್ನೂ ಇತ್ತು. ಬಿಚ್ಚಿದ ರೇಡಿಯೋಗಳು ಬಾಯಿ ತೆರೆದುಕೊಂಡೇ ಕೂತಿದ್ದವು. ದೊಡ್ಡಮ್ಮ ಸ್ವಿಚ್ ಹಾಕಿದರು. ಮೇಜಿನ ದೀಪ ಹೊತ್ತಿತು. ಅದರ ಹಿಂದೆ, ಸ್ಕ್ರೂ ತುಂಬಿದ ಬಾಟಲಿಗಳ ಮರೆಯಲ್ಲಿ, ಇನ್ನೊಂದು ಬೆಳಕು— ಸಣ್ಣದು, ಹಸಿರು— ಮಿನುಗಿತು. ಆರಿತು. ಮತ್ತೆ ಮಿನುಗಿತು.

“ಅಯ್ಯೋ! ನಮ್ಮ ಹಳೇ ಡಬ್ಬಿ!” ಎಂದ ತಮ್ಮ.

“ಮುಟ್ಟಬೇಡ. ಕಾಯಿ” ಎಂದರು ದೊಡ್ಡಮ್ಮ.

ಮೂರು ನಿಮಿಷ. ಹಸಿರು ದೀಪ ನೆಟ್ಟಗೆ ನಿಂತಿತು. ಇನ್ನೊಂದೆರಡು ನಿಮಿಷದಲ್ಲಿ ಲ್ಯಾಪ್‌ಟಾಪ್‌ನ ಮೂಲೆಯಲ್ಲಿ ಅರ್ಧವಿದ್ದ ಸಿಗ್ನಲ್ ಫುಲ್ ಆಯಿತು. ಅದೇ ಕ್ಷಣಕ್ಕೆ ನೆಟ್ ಸತ್ತಿತು.

“ಇವನೇ ಕಳ್ಳ” ಎಂದರು ದೊಡ್ಡಮ್ಮ. “ನಿಮ್ಮಪ್ಪ ದೀಪಕ್ಕೂ ಡಬ್ಬಿಗೂ ಒಂದೇ ಸ್ವಿಚ್ ಇಟ್ಟಿದ್ರು. ಅವರು ಹೋದ ಮೇಲೆ ಸ್ವಿಚ್ ಆರಿಸಿ ಬಾಗಿಲು ಹಾಕಿದ್ರಿ, ನೆಟ್ಟೂ ನಿಂತಿತು. ಫೋನಿನ ನೆಟ್ಟಲ್ಲೇ ವರ್ಷ ಕಳೆದ್ರಿ. ಪುಟ್ಟಿಗೆ ಕೆಲಸ ಸಿಕ್ಕಿತು, ವಿಡಿಯೋಗೆ ಅದು ಸಾಲ್ದೆ ಹೊಸ ಡಬ್ಬಿ ಬಂದ್ವು. ಒಳಗೆ ಹೋಗಬೇಡ ಅಂದಿದ್ದಕ್ಕೆ ನೆಟ್‌ನವನು ಹಳೇ ತಂತೀನ ಹೊರಗಿನ ಗೋಡೆಯಲ್ಲೇ ಕತ್ತರಿಸಿದ. ಇದರ ಮುಖಾನೂ ನೋಡ್ಲಿಲ್ಲ. ಹೊಸದಕ್ಕೆ ಹೆಸರಿಡೋವಾಗ ನೀನೇನು ಹೇಳಿದೆ ತಂಗಿ?”

“‘ರೇಡಿಯೋ ಮನೆ’ ಅಂತಾನೇ ಇರ್ಲಿ ಅಂದೆ” ಎಂದಳು ಅಮ್ಮ ನಿಧಾನವಾಗಿ. “ಪಾಸ್‌ವರ್ಡೂ ಅದೇ. ಅವರಿಟ್ಟಿದ್ದು.”

“ಅಲ್ಲಿಗೆ ಒಂದೇ ಹೆಸರಿನವರು ನಾಲ್ಕು ಜನ ಆದ್ರು. ಇದು ಪಾಪ ಎದ್ದ ತಕ್ಷಣ ‘ಬನ್ನಿ, ನಾನೇ ರೇಡಿಯೋ ಮನೆ’ ಅಂತ ಕರೆಯುತ್ತೆ. ಗೋಡೆ ಆಚೆಗೇ ಇರೋ ಲ್ಯಾಪ್‌ಟಾಪು, ಹತ್ತಿರದಲ್ಲೇ ಜೋರಾದ ದನಿ ಕೇಳಿ, ಪಡಸಾಲೆಯದರ ಕೈಬಿಟ್ಟು ಇದರ ಕೈ ಹಿಡಿಯುತ್ತೆ. ಇದರ ಹಿಂದೆ ತಂತಿಯೇ ಇಲ್ಲ. ಯಾರಿಗೆ ಏನು ತಲುಪಿಸುತ್ತೆ?”

ದುಭಾಷಿ ಮೇಜಿನ ಅಂಚು ಹಿಡಿದು ನಿಂತಳು. “ಹಾಗಾದ್ರೆ ಕಟ್ ಮಾಡಿದ್ದು ನಾನೇ.”

“ನೀನೇ. ನಿನ್ನ ಕೈಯಾರೆ.” ದೊಡ್ಡಮ್ಮ ಮಾತು ಮೆತ್ತಗೆ ಮಾಡಲಿಲ್ಲ. ಆಮೇಲೆ ತಂಗಿಯ ಕಡೆ ತಿರುಗಿದರು. “ನೀನು ಪಡಸಾಲೇಲಿ ಓಡಾಡೋಳು. ಬಾಗಿಲ ಕೆಳಗೆ ಬೆಳಕು ಕಾಣಲಿಲ್ವಾ?”

“ಕಂಡಿತ್ತು” ಎಂದಳು ಅಮ್ಮ. “ಮೂರು ಸಲಾನೂ.”

“ನಾನು ಅಷ್ಟೊಂದು ಕೇಳ್ದೆ. ಹೇಳ್ಲಿಲ್ಲ?”

“ಹೇಳಿದ್ರೆ ಇವಳು ಹಾಕೋದು ನಿಲ್ಲಿಸಿಬಿಡ್ತಾಳೆ ಅಂತ.” ಅಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದಳು. “ನನಗೂ ಅದು ಬೇಕಿತ್ತು.”

ಪಕ್ಕದ ಮನೆಯಲ್ಲಿ ಮೇಷ್ಟ್ರು ಇನ್ನೂ ಪಿಟೀಲು ಉಜ್ಜುತ್ತಿದ್ದರು. ಅವರಿಗೆ ನಿಲ್ಲಿಸಿ ಎಂದು ಹೇಳುವುದನ್ನು ಎಲ್ಲರೂ ಮರೆತಿದ್ದರು.

ದೊಡ್ಡಮ್ಮ ಬಗ್ಗಿ ಹಳೆಯ ಡಬ್ಬಿಯ ಪ್ಲಗ್ ಕಿತ್ತರು. ಹಸಿರು ಆರಿತು. ಮೇಜಿನ ದೀಪ ಹಾಗೇ ಇತ್ತು.

“ಇದರ ಕೆಲಸ ಮುಗಿದಿದೆ. ಅದರದ್ದು ಮುಗಿದಿಲ್ಲ” ಎಂದು ಪುಸ್ತಕ ತೆರೆದು, ದೂರು ನಿವಾರಣೆಯಾದ ವೇಳೆ ಬರೆದರು.

ಶುಕ್ರವಾರ ಹನ್ನೊಂದಕ್ಕೆ ಐದು ನಿಮಿಷವಿರುವಾಗ ದುಭಾಷಿ ಪಡಸಾಲೆಗೆ ಬಂದಳು. ಬಾಗಿಲ ಕೆಳಗೆ ಆಗಲೇ ಬೆಳಕಿತ್ತು. ಒಳಗೆ ಕುರ್ಚಿ ಎಳೆದ ಸದ್ದಾಯಿತು. ಅಮ್ಮ ಕೆಮ್ಮಿದಳು. ದುಭಾಷಿ ಬಾಗಿಲು ತೆಗೆಯಲಿಲ್ಲ. ತನ್ನ ಕೋಣೆಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡಳು.

ಸಿಗ್ನಲ್ ಅರ್ಧ ಇತ್ತು. ಹನ್ನೊಂದು ಗಂಟೆ ಐದು ನಿಮಿಷ ಬಂತು, ಹೋಯಿತು.

ಮುದುಕನ ಪ್ರಶ್ನೆಯನ್ನು ಅವಳು ಎರಡು ದಿನ ತಡವಾಗಿ ಡಾಕ್ಟರಮ್ಮನಿಗೆ ದಾಟಿಸಿದಳು. ಡಾಕ್ಟರಮ್ಮ ಒಂದು ಗಳಿಗೆ ಅವನನ್ನೇ ನೋಡಿ ಉತ್ತರ ಹೇಳಿದರು. ಉತ್ತರ ಚಿಕ್ಕದಿತ್ತು.

“ಇರ್ತಾರೆ” ಎಂದಳು ದುಭಾಷಿ.

ಮುದುಕ ಪೆನ್ನಿನ ಮುಚ್ಚಳ ತೆಗೆದ.