ಲೊರೆಟ್ಟಾ ಚಿಕ್ಕಮ್ಮನ ಗಂಟಲು

"ನಮ್ಮ ಚಿಕ್ಕಮ್ಮಂಗೆ ಒಂದೇ ಶ್ವಾಸಕೋಶ," ಎಂದಳು ಡೇಲಿಯಾ, ಮುಖವನ್ನು ಆದಷ್ಟು ಚಿಕ್ಕದು ಮಾಡಿಕೊಂಡು.

ಅಜ್ಜಿಯ ಅಂಗಡಿಯ ಮುಂದೆ ನಿಂತಿದ್ದ ಡಚ್ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಡತಿಯ ಕೈಯಲ್ಲಿ ಮೊಮ್ಮಗನಿಗೆಂದು ಕೊಂಡ ಮರದ ಆಟಿಕೆ ಬಿಲ್ಲು ಇತ್ತು.

"ಒಂದೇನಾ?"

"ಒಂದೇ. ಇನ್ನೊಂದನ್ನ ಆಪರೇಶನ್ ಮಾಡಿ ತೆಗೆದ್ರು. ಆದ್ರೂ ಹಾಡ್ತಾಳೆ. ನಮ್ಮ ದೇಶಕ್ಕೋಸ್ಕರ."

ಡೇಲಿಯಾಳ ಹಿಂದೆ ನಿಂತಿದ್ದ ಅವಳ ತರಗತಿಯ ತೀನೊ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಅದು ಅವನ ಪಾಲಿನ ಕೆಲಸ. ಮಾತೆಲ್ಲ ಡೇಲಿಯಾಳದು, ಅಳು ತೀನೊನದು ಎಂದು ಅವರಿಬ್ಬರೂ ಮೊದಲೇ ಹಂಚಿಕೊಂಡಿದ್ದರು.

"ಬರೋ ಮಂಗಳವಾರ ಟಿವಿಲಿ ಬರುತ್ತೆ," ಎಂದಳು ಡೇಲಿಯಾ. "ನಿಮ್ಮೂರಿಂದ ಫೋನ್ ಮಾಡಿ ಓಟು ಹಾಕ್ಬೇಕು. ಸಾನ್ ಮರೀನೊ. ಹೆಸರು ಮರೆತುಹೋಗಲ್ಲ ತಾನೆ?"

"ಇಲ್ಲಮ್ಮ, ಖಂಡಿತ ಇಲ್ಲ," ಎಂದು ಆ ಹೆಂಗಸು ಅವಳ ತಲೆ ಸವರಿದಳು.

ಅವರು ಇಳಿಜಾರಿನಲ್ಲಿ ಕೇಬಲ್ ಕಾರಿನ ಕಡೆ ಹೋಗುವವರೆಗೂ ಇಬ್ಬರೂ ಸಪ್ಪೆ ಮುಖ ಹಾಕಿಕೊಂಡೇ ನಿಂತಿದ್ದರು. ಆಮೇಲೆ ತೀನೊ ಕೇಳಿದ, "ನಿನ್ನೆ ಜರ್ಮನ್‌ನವ್ರಿಗೆ ಏನೋ ಬೇರೆ ಹೇಳಿದ್ಯಲ್ಲ? ಕುರುಡಿ ಅಂತ?"

"ಅರ್ಧ ಕುರುಡಿ ಅಂದೆ. ಪೂರ್ತಿ ಸುಳ್ಳು ಹೇಳ್ಬಾರ್ದು."

ಶ್ವಾಸಕೋಶಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಅವರ ಪಾಠದಲ್ಲಿ ಇರಲಿಲ್ಲ. ಡೇಲಿಯಾ ಅದನ್ನು ಡಿಕ್ಷನರಿಯಲ್ಲಿ ಹುಡುಕಿ ಬಾಯಿಪಾಠ ಮಾಡಿದ್ದಳು. ಪರೀಕ್ಷೆಗೂ ಅಷ್ಟು ಓದಿದವಳಲ್ಲ.

ಲೊರೆಟ್ಟಾ ಚಿಕ್ಕಮ್ಮನ ಎರಡು ಶ್ವಾಸಕೋಶಗಳೂ ಎರಡು ಕಣ್ಣುಗಳೂ ಚೆನ್ನಾಗಿಯೇ ಇದ್ದವು. ಅವಳು ಡೇಲಿಯಾಳ ಶಾಲೆಯಲ್ಲೇ ಸಂಗೀತದ ಟೀಚರ್. ಬೇರೆ ಬೇರೆ ದೇಶದವರು ಸೇರಿ ಹಾಡುವ ದೊಡ್ಡ ಸ್ಪರ್ಧೆಗೆ ಈ ವರ್ಷ ಮೊದಲ ಬಾರಿ ಬೆಟ್ಟದ ಮೇಲಿನ ಅವರ ಪುಟ್ಟ ದೇಶ ಸಾನ್ ಮರೀನೊ ಕೂಡ ಸೇರಿತ್ತು. ಹಾಡಲು ಚಿಕ್ಕಮ್ಮನನ್ನು ಆರಿಸಿದ್ದರು. ಆ ದಿನ ಡೇಲಿಯಾ ತರಗತಿಯಲ್ಲಿ ಕುರ್ಚಿಯ ಮೇಲೆ ನಿಂತು ಎಲ್ಲರಿಗೂ ಕೈಬೀಸಿದ್ದಳು, ತಾನೇ ಹಾಡಲು ಹೊರಟವಳ ಹಾಗೆ.

ಆದರೆ ರೇಡಿಯೋದಲ್ಲಿ ಬಂದ ಹಾಡು ಅವಳು ಅಂದುಕೊಂಡ ಹಾಗಿರಲಿಲ್ಲ. ನಿಧಾನದ ಹಾಡು. ಡೋಲಿಲ್ಲ, ಕುಣಿತವಿಲ್ಲ. ಬೆಟ್ಟದ ಮೇಲೆ ಮಂಜು ಕವಿದಿದೆ, ಅದು ಕರಗುವವರೆಗೆ ಒಬ್ಬಳು ಕಾಯುತ್ತಾಳೆ, ಅಷ್ಟೇ. ಅರ್ಧ ಕೇಳುವಷ್ಟರಲ್ಲಿ ತೀನೊ ಆಕಳಿಸಿದ. ಡೇಲಿಯಾ ಸ್ಟೇಷನ್ ಬದಲಿಸಿದಳು.

ಸಮುದ್ರದ ದಡದ ರಿಮಿನಿಯಲ್ಲಿ ಈಜು ಕಲಿಯಲು ಹೋದರೆ ಅಲ್ಲಿನ ಇಟಲಿ ಹುಡುಗರ ಕಾಟ ಬೇರೆ. "ನಿಮ್ಮ ದೇಶಾನಾ? ನಮ್ಮಪ್ಪ ಬೆಳಿಗ್ಗೆ ಜಾಗಿಂಗ್ ಹೋದ್ರೆ ನಿಮ್ಮ ದೇಶ ದಾಟಿ ಬರ್ತಾರೆ," ಎಂದಿದ್ದ ಒಬ್ಬ. "ಕೊನೇ ಸ್ಥಾನ ಗ್ಯಾರಂಟಿ ಬಿಡು," ಎಂದಿದ್ದ ಇನ್ನೊಬ್ಬ.

ಮೇಲಾಗಿ ಸ್ಪರ್ಧೆಯ ನಿಯಮವೊಂದಿತ್ತು. ತಮ್ಮ ದೇಶದ ಹಾಡಿಗೆ ತಾವೇ ಓಟು ಹಾಕುವಂತಿಲ್ಲ.

"ದೊಡ್ಡ ದೇಶದವ್ರಿಗೆ ಅಕ್ಕಪಕ್ಕದವ್ರು ಹಾಕ್ತಾರೆ," ಎಂದು ತೀನೊ ಲೆಕ್ಕ ಹಾಕಿದ್ದ. "ನಮ್ಮ ಅಕ್ಕಪಕ್ಕ ಯಾರಿದಾರೆ? ಈ ಕಡೆ ಇಟಲಿ, ಆ ಕಡೆ ಇಟಲಿ, ಹಿಂದೂ ಇಟಲಿ, ಮುಂದೂ ಇಟಲಿ. ಇಟಲಿಯವ್ರು ಈ ಸಲ ಸ್ಪರ್ಧೆಗೇ ಸೇರಿಲ್ಲ. ಸೇರದವ್ರು ಓಟೂ ಹಾಕಂಗಿಲ್ಲ."

ಆಗ ಡೇಲಿಯಾಳ ಕಣ್ಣು ಅಜ್ಜಿಯ ಅಂಗಡಿಯ ಮೇಲೆ ಬಿದ್ದಿತ್ತು. ಕೋಟೆಗೆ ಹತ್ತುವ ಬೀದಿಯಲ್ಲಿ ಆರ್ಜಿಯಾ ಅಜ್ಜಿಯದೊಂದು ಪುಟ್ಟ ಅಂಗಡಿ. ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ಟು, ಕಾಫಿ ಕಪ್ಪು, ಟೋಪಿ, ಆಟಿಕೆ ಬಿಲ್ಲು ಮಾರುತ್ತಿದ್ದಳು. ಅಲ್ಲಿಗೆ ಎಷ್ಟೋ ದೇಶದವರು ಬರುತ್ತಿದ್ದರು. ಓಟುಗಳೆಲ್ಲ ತಾವಾಗಿಯೇ ಬೆಟ್ಟ ಹತ್ತಿಕೊಂಡು ಬರುತ್ತಿದ್ದವು. ಅಜ್ಜಿಗೆ ಇಂಗ್ಲಿಷ್ ಬಾರದು, ಅದು ಇನ್ನೂ ಒಳ್ಳೆಯದಾಯಿತು.

"ಏನೇ ಅದು, ಅವರ ಹತ್ರ ಅಷ್ಟು ಹೊತ್ತು ಮಾತು?" ಎಂದು ಅಜ್ಜಿ ಒಳಗಿನಿಂದ ಕೇಳುವಳು.

"ನಮ್ಮ ದೇಶದ ಇತಿಹಾಸ ಹೇಳ್ತಿದೀನಿ ಅಜ್ಜಿ."

"ಜಾಣೆ."

ಶನಿವಾರ ಮಧ್ಯಾಹ್ನ ಬಂದವಳು ಬೆಳ್ಳಗಿನ ಕೂದಲಿನ ಎತ್ತರದ ಹೆಂಗಸು. ಬೆನ್ನಿಗೆ ಚೀಲ, ಕಾಲಿಗೆ ದಪ್ಪ ಬೂಟು. ಒಂದು ಕಪ್ಪು ಎತ್ತಿ ಅದರ ತಳ ನೋಡುತ್ತಿದ್ದಳು.

"ಯಾವ ದೇಶ ಮೇಡಂ?" ಎಂದಳು ಡೇಲಿಯಾ.

"ಫಿನ್ಲೆಂಡ್."

ಫಿನ್ಲೆಂಡಿನವರು ಇದುವರೆಗೆ ಸಿಕ್ಕಿರಲಿಲ್ಲ. ಇವರಿಗೆ ಹೊಸದೇ ಒಂದು ಕಾಯಿಲೆ ಕೊಡಬೇಕೆಂದು ಡೇಲಿಯಾಳಿಗೆ ಅನ್ನಿಸಿತು.

"ನಮ್ಮ ಚಿಕ್ಕಮ್ಮ ಮಂಗಳವಾರ ಟಿವಿಲಿ ಹಾಡ್ತಾಳೆ. ಪಾಪ, ಅವಳ ಗಂಟಲಲ್ಲಿ ಗಂಟು. ಇಷ್ಟು ದೊಡ್ಡದು." ಅವಳು ಮುಷ್ಟಿ ತೋರಿಸಿದಳು. ತೀರಾ ದೊಡ್ಡದಾಯಿತೇನೋ ಎಂದು ಬೆರಳು ಬಿಚ್ಚಿ ಹೆಬ್ಬೆರಳನ್ನಷ್ಟೇ ತೋರಿಸಿದಳು. "ಇದೊಂದೇ ಹಾಡು ಹಾಡಬಹುದಂತೆ. ಆಮೇಲೆ ಧ್ವನಿ ಪೂರ್ತಿ ಹೋಗಿಬಿಡುತ್ತಂತೆ."

ತೀನೊ ತೋಳಿನಿಂದ ಕಣ್ಣೊರೆಸಿಕೊಂಡ.

ಹೆಂಗಸು ಕಪ್ಪನ್ನು ಕೆಳಗಿಟ್ಟಳು. "ಯಾರು ಹೇಳಿದ್ದು ಹಾಗಂತ?"

"ಡಾಕ್ಟರು."

"ಯಾವ ಡಾಕ್ಟರು? ಹೆಸರೇನು?"

ಇದುವರೆಗೆ ಯಾರೂ ಡಾಕ್ಟರ ಹೆಸರು ಕೇಳಿರಲಿಲ್ಲ. ಡೇಲಿಯಾ ತೀನೊನ ಕಡೆ ನೋಡಿದಳು.

"ಅವರು ಸತ್ತೋದ್ರು," ಎಂದ ತೀನೊ.

"ಡಾಕ್ಟರೇ ಸತ್ತೋದ್ರಾ?"

"ಹೂಂ. ಅವರಿಗೂ ಗಂಟಲಲ್ಲಿ ಗಂಟು."

ಹೆಂಗಸು ಬೆನ್ನಿನ ಚೀಲ ಇಳಿಸಿ ಅಜ್ಜಿಯ ಸ್ಟೂಲಿನ ಮೇಲೆ ಕೂತಳು. "ನನ್ನ ಹೆಸರು ಹಿಲ್ಕಾ. ನಾನೂ ಡಾಕ್ಟರೇ. ಗಂಟಲಿನ ಡಾಕ್ಟರು. ನಿಮ್ಮ ಚಿಕ್ಕಮ್ಮನ್ನ ನಾನು ನೋಡಲೇಬೇಕು. ಎಲ್ಲಿದಾರೆ?"

"ಆಸ್ಪತ್ರೇಲಿ," ಎಂದಳು ಡೇಲಿಯಾ.

ಅದೇ ಹೊತ್ತಿಗೆ, ಕಾಗದದಲ್ಲಿ ಸುತ್ತಿದ ಬಿಸಿ ಪಿಯಾದಿನಾ ರೊಟ್ಟಿ ಕಚ್ಚಿ ತಿನ್ನುತ್ತ, ಲೊರೆಟ್ಟಾ ಚಿಕ್ಕಮ್ಮ ಬೀದಿ ಇಳಿದು ಬಂದಳು. ಅಂಗಡಿಯ ಗಾಜಿನ ಮೇಲೆ ಅವಳದೇ ದೊಡ್ಡ ಪೋಸ್ಟರ್ ಇತ್ತು. ಹಿಲ್ಕಾ ಪೋಸ್ಟರನ್ನು ನೋಡಿದಳು, ಚಿಕ್ಕಮ್ಮನನ್ನು ನೋಡಿದಳು, ಎದ್ದು ನಿಂತಳು.

"ನೀವೇ ತಾನೆ ಹಾಡೋರು? ನಾನು ಡಾಕ್ಟರು. ಎಲ್ಲಾ ಗೊತ್ತಾಯ್ತು. ಧೈರ್ಯ ಮಾಡ್ಕೊಳ್ಳಿ. ಎಲ್ಲಿ, ಬಾಯಿ ತೆಗೀರಿ."

ಚಿಕ್ಕಮ್ಮನ ಬಾಯಿ ತುಂಬ ರೊಟ್ಟಿ, ಚೀಸು. ಅವಳು ಹಾಗೇ ನಿಂತುಬಿಟ್ಟಳು. ಹಿಲ್ಕಾ ಚೀಲದಿಂದ ಚಿಕ್ಕ ಟಾರ್ಚು ತೆಗೆದಳು. ದಾರಿಯಲ್ಲಿ ಹೋಗುತ್ತಿದ್ದ ನಾಲ್ಕಾರು ಪ್ರವಾಸಿಗರು ನಿಂತು ನೋಡತೊಡಗಿದರು. ಒಬ್ಬ ಫೋಟೋ ತೆಗೆದ.

"ಏನ್ ನಡೀತಿದೆ ಇಲ್ಲಿ?" ಎಂದು ಅಜ್ಜಿ ಹೊರಗೆ ಬಂದಳು.

ಚಿಕ್ಕಮ್ಮ ರೊಟ್ಟಿ ನುಂಗಿದಳು. ಯಾಕೆಂದು ಅವಳಿಗೂ ತಿಳಿಯಲಿಲ್ಲ, ಡಾಕ್ಟರು ಹೇಳಿದರೆಂದು ಬಾಯಿ ತೆರೆದಳು. ಹಿಲ್ಕಾ ಟಾರ್ಚಿನ ಬೆಳಕು ಬಿಟ್ಟು ಎಡಕ್ಕೆ ಬಲಕ್ಕೆ ಬಗ್ಗಿ ನೋಡಿದಳು. "ಆ ಅನ್ನಿ" ಎಂದಳು. "ಆ" ಎಂದಳು ಚಿಕ್ಕಮ್ಮ. ಆ ಒಂದು "ಆ"ಗೆ ಎದುರಿನ ಐಸ್‌ಕ್ರೀಮ್ ಅಂಗಡಿಯವನು ಇಣುಕಿ ನೋಡಿದ.

"ಗಂಟೂ ಇಲ್ಲ, ಏನೂ ಇಲ್ಲ," ಎಂದಳು ಹಿಲ್ಕಾ ಟಾರ್ಚು ಆರಿಸಿ. "ಇಷ್ಟು ಚೆನ್ನಾಗಿರೋ ಗಂಟಲು ನಾನು ನೋಡಿ ಬಹಳ ದಿನ ಆಯ್ತು." ಆಮೇಲೆ ಅವಳು ಡೇಲಿಯಾಳ ಕಡೆ ತಿರುಗಿದಳು. ಎಲ್ಲರೂ ತಿರುಗಿದರು. ತೀನೊ ಮೆಲ್ಲಗೆ ಟೋಪಿಗಳ ಸ್ಟ್ಯಾಂಡಿನ ಹಿಂದೆ ಸರಿದ.

ಎಲ್ಲ ಹೊರಬಿದ್ದಿತು. ಗಂಟು, ಶ್ವಾಸಕೋಶ, ಅರ್ಧ ಕುರುಡು, ಪೋಲೆಂಡಿನವರಿಗೆ ಹೇಳಿದ್ದ ಮರದ ಕಾಲು. ಮರದ ಕಾಲು ಎಂದಾಗ ಚಿಕ್ಕಮ್ಮನಿಗೆ ನಗು ಬಂತು. ನಗುತ್ತ ನಗುತ್ತ ಗೋಡೆಗೆ ಒರಗಿದಳು. ಬಚಾವಾದೆ ಎಂದುಕೊಂಡಳು ಡೇಲಿಯಾ.

ನಗು ನಿಂತ ಮೇಲೆ ಚಿಕ್ಕಮ್ಮ ಕೇಳಿದಳು, "ಹಾಡು ಸಾಲಲ್ಲ ಅಂತ ಅನ್ನಿಸ್ತಾ ನಿಂಗೆ?"

ಡೇಲಿಯಾ ಒಂದು ಆಟಿಕೆ ಬಿಲ್ಲನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು.

"ಪೂರ್ತಿ ಕೇಳಿದೀಯಾ?"

ಡೇಲಿಯಾ ಮ್ಯಾಗ್ನೆಟ್ಟುಗಳನ್ನು ನೋಡುತ್ತ ನಿಂತಳು. ಚಿಕ್ಕಮ್ಮ ಉಳಿದ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿಕೊಂಡು ಹೊರಟುಹೋದಳು. ಹಸಿದು ಬಂದವಳು ಅರ್ಧವನ್ನೂ ತಿಂದಿರಲಿಲ್ಲ.

ಹಿಲ್ಕಾ ಒಂದು ಕಪ್ಪು ಕೊಂಡಳು. "ಮಂಗಳವಾರ ನಾನು ಎಲ್ಲಾ ಹಾಡು ಕೇಳ್ತೀನಿ," ಎಂದಳು ಹೋಗುವಾಗ. "ಯಾವುದು ಇಷ್ಟ ಆಗುತ್ತೋ ಅದಕ್ಕೇ ನನ್ನ ಓಟು. ಗಂಟಲಿಗೆ ಓಟು ಹಾಕಲ್ಲ."

ಅಜ್ಜಿ ಡೇಲಿಯಾಳ ಕೈಗೆ ಒರೆಸುವ ಬಟ್ಟೆ ಕೊಟ್ಟಳು. "ಇತಿಹಾಸ ಹೇಳಿ ಸುಸ್ತಾಗಿರ್ಬೇಕು. ಕಪ್ಪುಗಳನ್ನೆಲ್ಲ ಒರೆಸು."

ಮಂಗಳವಾರ ಸಂಜೆ, ದೂರದಲ್ಲಿ ನಡೆಯುವ ಸ್ಪರ್ಧೆಯನ್ನು ತೋರಿಸಲು ಚೌಕದಲ್ಲಿ ದೊಡ್ಡ ಪರದೆ ಕಟ್ಟಿದ್ದರು. ಊರಿಗೆ ಊರೇ ಬಂದು ಕೂತಿತ್ತು. ಡೇಲಿಯಾಳಿಗೆ ಮಾತ್ರ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ.

"ಏನಾಯ್ತೇ?" ಎಂದ ತೀನೊ.

"ಗೆದ್ದುಬಿಟ್ರೆ?"

"ಗೆದ್ರೆ ಒಳ್ಳೇದಲ್ವಾ?"

"ಅಯ್ಯೋ ಪೆದ್ದ. ಆ ಡಚ್ಚರು, ಜರ್ಮನ್ನರು ಎಲ್ಲ ಊರಿಗೆ ಹೋಗಿ ಅಕ್ಕಪಕ್ಕದವ್ರಿಗೂ ಹೇಳಿದ್ರೆ? ಒಂದೇ ಶ್ವಾಸಕೋಶ ಅಂತ ಪಾಪ ಎಲ್ರೂ ಓಟು ಹಾಕ್ಬಿಟ್ರೆ? ಆಮೇಲೆ ಚಿಕ್ಕಮ್ಮಂಗೆ, ಇದು ಹಾಡಿಂದ ಬಂತೋ ಶ್ವಾಸಕೋಶದಿಂದ ಬಂತೋ ಅಂತ ಹೇಗೆ ಗೊತ್ತಾಗುತ್ತೆ?"

ತೀನೊ ಮೊದಲ ಬಾರಿಗೆ ನಿಜವಾಗಿಯೂ ಗಾಬರಿಯಾದ.

ಬೇರೆ ದೇಶದವರು ಬೆಂಕಿ ಹಚ್ಚಿ ಹಾಡಿದರು, ನೀರೊಳಗೆ ನಿಂತು ಹಾಡಿದರು, ಒಬ್ಬ ರೆಕ್ಕೆ ಕಟ್ಟಿಕೊಂಡು ಹಾಡಿದ. ಕೊನೆಗೆ ಪರದೆಯ ಮೇಲೆ ಚಿಕ್ಕಮ್ಮ ಬಂದಳು. ಅಷ್ಟು ದೊಡ್ಡ ವೇದಿಕೆಯ ಮೇಲೆ ಒಬ್ಬಳೇ, ಶಾಲೆಗೆ ಹಾಕುವ ಅದೇ ಬೂದು ಬಣ್ಣದ ಶೂಗಳಲ್ಲಿ. ಡೇಲಿಯಾ ತೀನೊನ ಆಕಳಿಕೆಗೆ ಕಾದಳು. ಅವನು ಆಕಳಿಸಲಿಲ್ಲ.

ರೇಡಿಯೋದಲ್ಲಿ ಡೇಲಿಯಾ ಸ್ಟೇಷನ್ ಬದಲಿಸಿದ್ದ ಜಾಗದ ಆಚೆಗೆ ಹಾಡು ಬೇರೆಯೇ ಆಗಿತ್ತು. ಮಂಜು ಕರಗುವ ಕಡೆ ಚಿಕ್ಕಮ್ಮ ಒಂದು ಸ್ವರವನ್ನು ಹಿಡಿದಳು, ಬಿಡಲಿಲ್ಲ. ವಾದ್ಯಗಳೆಲ್ಲ ನಿಂತವು. ಅದೊಂದೇ ಸ್ವರ ನಿಧಾನವಾಗಿ ಮೇಲೇರುತ್ತ ಹೋಯಿತು. ಚೌಕದಲ್ಲಿ ಯಾರೋ ಎತ್ತಿದ ಲೋಟ ಎತ್ತಿದ ಹಾಗೇ ಇತ್ತು.

ಆಮೇಲೆ ಅಂಕಗಳು. ಒಂದೊಂದು ದೇಶವೂ ತನ್ನ ಓಟುಗಳಲ್ಲಿ ಮುಂದಿದ್ದ ಕೆಲವು ಹಾಡುಗಳಿಗಷ್ಟೇ ಅಂಕ ಕೊಡುತ್ತಿತ್ತು.

ಜರ್ಮನಿ: ಸಾನ್ ಮರೀನೊಗೆ ಏನೂ ಇಲ್ಲ. ಚೌಕದಲ್ಲಿ ನಿಟ್ಟುಸಿರು. ಡೇಲಿಯಾ ತೀನೊನ ಕೈ ಹಿಡಿದು ಒತ್ತಿದಳು. "ಒಂದು ಹೋಯ್ತು."

ನೆದರ್ಲೆಂಡ್ಸ್: ಏನೂ ಇಲ್ಲ. "ಅಬ್ಬ, ಶ್ವಾಸಕೋಶವೂ ಹೋಯ್ತು," ಎಂದ ತೀನೊ. ಮುಂದೆ ಕೂತಿದ್ದವರೊಬ್ಬರು ಹಿಂದೆ ತಿರುಗಿ ದುರುಗುಟ್ಟಿದರು. ದೇಶ ಸೋಲುತ್ತಿದ್ದರೆ ಈ ಮಕ್ಕಳು ಯಾಕೆ ಖುಷಿಪಡುತ್ತಿವೆ ಎಂದು ಅವರಿಗೆ ಅರ್ಥವಾಗಲಿಲ್ಲ.

ಪೋಲೆಂಡ್: ಏನೂ ಇಲ್ಲ. ಫಿನ್ಲೆಂಡ್: ಏನೂ ಇಲ್ಲ.

"ಆ ಡಾಕ್ಟರಮ್ಮ ಹಾಕ್ಲಿಲ್ಲ ನೋಡು."

"ಹಾಕಿರಬಹುದು. ಒಬ್ಬರ ಓಟಲ್ಲಿ ಏನಾಗುತ್ತೆ?"

ಪರದೆಯ ಮೇಲೆ ಪೋರ್ಚುಗಲ್ ಬಂತು. ಹೂವಿನ ಅಂಗಿಯ ಒಬ್ಬಳು ನಗುತ್ತ ಓದಿದಳು: "ಸಾನ್ ಮರೀನೊ, ಮೂರು ಅಂಕ."

ಚೌಕಕ್ಕೆ ಚೌಕವೇ ಎದ್ದು ನಿಂತಿತು. ಅಜ್ಜಿ ಪಕ್ಕದಲ್ಲಿ ನಿಂತಿದ್ದ ಐಸ್‌ಕ್ರೀಮ್ ಅಂಗಡಿಯವನನ್ನು ತಬ್ಬಿಕೊಂಡಳು. ಅವನ ಜೊತೆ ಅವಳು ಮಾತು ಬಿಟ್ಟು ವರ್ಷಗಳಾಗಿದ್ದವು. ಅದು ಈಗ ನೆನಪಾಗಿ ಕೈ ಬಿಟ್ಟಳು, ಮತ್ತೆ ತಬ್ಬಿಕೊಂಡಳು.

ಆ ಮೂರು ಅಂಕಗಳ ಮೇಲೆ ಮತ್ತೊಂದು ಬರಲಿಲ್ಲ. ಕೊನೆಗೆ ಪಟ್ಟಿಯ ತೀರ ಕೆಳಗೆ ಅವರ ಬಾವುಟವೇ ಇತ್ತು. ಆದರೆ ಡೇಲಿಯಾ ಪಟ್ಟಿಯನ್ನು ನೋಡುತ್ತಿರಲಿಲ್ಲ. ಅಂಗಡಿಗೆ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ನೆನೆಸಿಕೊಳ್ಳುತ್ತಿದ್ದಳು. ಟೋಪಿ ಕೊಂಡವರು, ಬಿಲ್ಲು ಕೊಂಡವರು, ಏನೂ ಕೊಳ್ಳದೆ ಹೋದವರು.

ತೀನೊ ಅವಳ ಕಿವಿಯ ಹತ್ತಿರ ಬಗ್ಗಿದ. "ಪೋರ್ಚುಗಲ್‌ನವ್ರಿಗೆ ಏನ್ ಹೇಳಿದ್ಯೇ? ಕಾಲಾ? ಕಣ್ಣಾ?"

ಡೇಲಿಯಾ ಇನ್ನೊಮ್ಮೆ ಯೋಚಿಸಿದಳು. ಪೋರ್ಚುಗಲ್‌ನವರು ಯಾರೂ ಬಂದಿರಲಿಲ್ಲ.

"ಏನೂ ಹೇಳಿಲ್ಲ ಕಣೋ," ಎಂದಳು. ಆಮೇಲೆ ತನಗೇ ಹೇಳಿಕೊಳ್ಳುವ ಹಾಗೆ, ಮೆತ್ತಗೆ, "ನಾನು ಅವರಿಗೆ ಏನೂ ಹೇಳೇ ಇಲ್ಲ."