ಕಿನೇರ್ಡ್ ಪಬ್ಬಿನ ಖಾಲಿ ಮೊಳೆ

ಗಂಡನನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಮೈತೇನ್ ಎಂದಿನಂತೆ ಪಬ್ಬಿನ ಬಾಗಿಲು ತೆರೆದಳು. ಒಲೆ ಹೊತ್ತಿಸಿದಳು. ಮಾಟೆ ಎಲೆಯ ಕಷಾಯಕ್ಕೆ ನೀರಿಟ್ಟಳು. ತಲೆಯೆತ್ತಿದಳು. ಗೋಡೆಯಲ್ಲಿ ಮೊಳೆ ಮಾತ್ರ ಇತ್ತು.

ಬ್ಯಾಗ್‌ಪೈಪ್ ಇರಲಿಲ್ಲ.

ಅವಳ ಗಂಡ ಲೆಯಾಂದ್ರೋ ಅದನ್ನು ಪ್ರತಿ ಶನಿವಾರ ಊದುತ್ತಿದ್ದ. ಅವನ ಮುತ್ತಜ್ಜ ಕುರಿ ಕಾಯಲು ಸ್ಕಾಟ್ಲೆಂಡಿನಿಂದ ಕಡಲು ದಾಟಿ ಈ ರಿಯೋ ಗಾಯೇಗೋಸ್ ಊರಿಗೆ ಬಂದಾಗ ತಂದದ್ದು. ಬಾಗಿಲ ಮೇಲಿನ ‘ಕಿನೇರ್ಡ್’ ಎಂಬ ಮನೆತನದ ಹೆಸರಿಗೆ ಅದೇ ಸಾಕ್ಷಿ. ನಿನ್ನೆ ಸಂಜೆ ಅದಕ್ಕೆ ಕಪ್ಪು ರಿಬ್ಬನ್ ಕಟ್ಟಿದವಳು ಮೈತೇನಳೇ.

ಮಾವ ದೋನ್ ಅಲೆಹೋ ಬಂದು ಮೊಳೆ ನೋಡಿದರು. ಅದನ್ನು ಯಾರಿಗೆ ಮಾರಿದೆ ಎಂದು ಕಿರಿಯ ಮಗನನ್ನು ಕೂಗಿ ಕೇಳಿದರು.

ರಮೀರೋ ಕಣ್ಣುಜ್ಜುತ್ತ ಬಂದ. “ನಿನ್ನೆ ಅಣ್ಣನ್ನ ಹೂತು ಬಂದು ಇವತ್ತು ಅವನ ಸಾಮಾನು ಮಾರ್ತೀನಾ ಅಪ್ಪಾ?”

“ಹೋದ ವರ್ಷ ಹಳೇ ಸಾಮಾನಿನ ವ್ಯಾಪಾರಿನ ಕರ್ಕೊಂಡು ಬಂದೋನು ಯಾರು? ನಿಮ್ಮಜ್ಜನಾ?” ಮುದುಕರ ದನಿ ಏರಲಿಲ್ಲ. “ಸಂಜೆಯೊಳಗೆ ಅದು ಗೋಡೆ ಮೇಲಿರಬೇಕು. ಇಲ್ಲ, ನೀನು ಈ ಮನೇಲಿರಬೇಡ.”

ಅವರು ಆಡಿದ್ದನ್ನು ಮಾಡುವವರು. ಒಬ್ಬ ಮಗ ಮಣ್ಣಿನಲ್ಲಿದ್ದ. ಇನ್ನೊಬ್ಬ ಹೊಸ್ತಿಲಲ್ಲಿ ನಿಂತಿದ್ದ. ಅತ್ತೆ ಇಸಬೆಲ್ ಒಲೆಯ ಪಕ್ಕ ಉಣ್ಣೆ ದಾರ ಸುತ್ತುತ್ತ ಕೂತಿದ್ದರು. ಮುಖ ಎತ್ತಲಿಲ್ಲ.

* * *

ಮೈತೇನ್ ಹುಡುಕಲು ಹೊರಟಳು. ಸುಮ್ಮನೆ ಕೂತರೆ ಹಾಸಿಗೆಯ ಖಾಲಿ ಬದಿ ನೆನಪಾಗುತ್ತಿತ್ತು.

ಬೀಗ ಮುರಿದಿರಲಿಲ್ಲ. ಹಿತ್ತಲ ಚಿಲಕ ಒಳಗಿನಿಂದ ಹಾಕಿತ್ತು. ರಮೀರೋನ ಗಾಡಿಯ ಮೇಲೆ ಹಿಮ ಹಾಗೇ ಕೂತಿತ್ತು. ಸುತ್ತ ಒಂದು ಹೆಜ್ಜೆಯೂ ಇಲ್ಲ. ಅಂದರೆ ವಸ್ತು ಮನೆ ಬಿಟ್ಟು ಹೋಗಿಲ್ಲ.

ಕೌಂಟರಿನ ಹಿಂದೆ, ಒಂದು ಲೋಟದಲ್ಲಿ, ಕಪ್ಪು ರಿಬ್ಬನ್ ಸಿಕ್ಕಿತು. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಲೆಯ ಬಳಿ ಹೋಗಿ ಅತ್ತೆಯ ಮಡಿಲಲ್ಲಿಟ್ಟಳು.

“ಎಲ್ಲಿಟ್ಟಿದ್ದೀರಿ ಅತ್ತೆ?”

ಇಸಬೆಲ್ ದಾರ ಸುತ್ತುತ್ತಲೇ ಇದ್ದರು.

“ಕಳ್ಳನಾದರೆ ರಿಬ್ಬನ್ ಸಮೇತ ಕಿತ್ಕೊಂಡು ಹೋಗ್ತಿದ್ದ. ಇದರ ಗಂಟನ್ನ ಯಾರೋ ನಿಧಾನವಾಗಿ ಬಿಚ್ಚಿದ್ದಾರೆ. ಬಿಚ್ಚಿ, ಹೆಬ್ಬೆರಳಿಗೂ ಕಿರುಬೆರಳಿಗೂ ಅಡ್ಡಡ್ಡ, ಎಂಟರ ಹಾಗೆ ಸುತ್ತಿದ್ದಾರೆ. ಈ ಮನೇಲಿ ಹಾಗೆ ಸುತ್ತೋ ಕೈ ಒಂದೇ.”

ಇಸಬೆಲ್ ತಮ್ಮ ಕೈಯಲ್ಲಿದ್ದ ದಾರ ನೋಡಿಕೊಂಡರು. ಹಾಗೇ ಸುತ್ತಿತ್ತು.

ಮಾತು ಮೆಲ್ಲಗೆ ಹೊರಬಂತು. ಬ್ಯಾಗ್‌ಪೈಪ್ ಉಣ್ಣೆಯ ಮೂಟೆಯೊಳಗಿತ್ತು. ಅದು ಮನೆಯದಲ್ಲ. ಮನೆಯದನ್ನು ಈ ಚಳಿಗಾಲದ ಶುರುವಿನಲ್ಲಿ ಲೆಯಾಂದ್ರೋ ಒಲೆಯ ಮೇಲ್ಗಡೆ ತೂಗುಹಾಕಿ ಮರೆತಿದ್ದ. ಚರ್ಮ ಒಣಗಿ, ಕೊಳವೆ ಸೀಳಿತ್ತು. ಅಪ್ಪನಿಗೆ ಹೇಳುವ ಧೈರ್ಯವಾಗದೆ, ಅಂಥದ್ದೇ ಇನ್ನೊಂದನ್ನು ನೆಲೀದಾ ಫ್ರೇಸರ್ ಎಂಬ ಮುದುಕಿಯಿಂದ ಎರವಲು ತಂದಿದ್ದ. ಹೆಂಡತಿಗೂ ಹೇಳಬೇಡ ಎಂದು ತಾಯಿಯಿಂದ ಮಾತು ತೆಗೆದುಕೊಂಡಿದ್ದ. ಮನೆಯಲ್ಲಿ ಸಾವಾದರೆ ಮೊದಲ ಶನಿವಾರ ಮನೆಯ ಹಿರಿಯನೇ ಊದಬೇಕು, ಅದು ಕಿನೇರ್ಡರ ಪದ್ಧತಿ; ಈ ಸಲ ಊದಬೇಕಾದವರು ದೋನ್ ಅಲೆಹೋ.

“ಬಾಯಿಗಿಟ್ಟ ಕೂಡಲೇ ಅವರಿಗೆ ಗೊತ್ತಾಗ್ತಿತ್ತು,” ಅಂದರು ಇಸಬೆಲ್. “ಸತ್ತ ಮೇಲೂ ನನ್ನ ಮಗ ಬೈಸ್ಕೋಬೇಕಾ? ರಮೀರೋನ ಮೇಲೆ ಬರುತ್ತೆ ಅಂತ ನಾನು ಯೋಚಿಸಲೇ ಇಲ್ಲ. ಬಂದ ಮೇಲೆ ಬಾಯಿ ಬರಲಿಲ್ಲ.”

“ಅವನು ಇದನ್ನ ಊದಿದ ಮೊದಲ ಶನಿವಾರವೇ ನನಗೆ ಗೊತ್ತಾಗಿತ್ತು.”

ಒಳಬಾಗಿಲಲ್ಲಿ ದೋನ್ ಅಲೆಹೋ.

“ಸ್ವರ ಬೇರೆ. ಹುಡುಗ ಬೆವರ್ತಿದ್ದ. ಚಪ್ಪಾಳೆ ತಟ್ಟಿದೆ.” ಅವರು ಕುರ್ಚಿ ಹಿಡಿದು ಕೂತರು. “ನಮ್ಮದೇ ಆಗಿದ್ರೆ ಹಾಳಾಗಿ ಹೋಗ್ಲಿ ಅಂತಿದ್ದೆ. ಯಾರದೋ ವಸ್ತು ಕಳೆದಿದ್ದಕ್ಕೇ ಬೆಳಿಗ್ಗೆ ಹಾಗಂದೆ. ಸತ್ತೋನ ತಲೆ ಮೇಲೆ ಋಣ ಉಳೀಬಾರದು.”

ರಮೀರೋ ಇನ್ನೂ ಹೊಸ್ತಿಲಲ್ಲೇ ಇದ್ದ. ಮುದುಕರು ಎಲ್ಲರೂ ಸರದಿಯಲ್ಲಿ ಕುಡಿಯುವ ಬುರುಡೆಗೆ ಮಾಟೆ ತುಂಬಿಸಿದರು. ಮೊದಲ ಸರದಿ ಯಾವಾಗಲೂ ಅವರದು. ಇವತ್ತು ಅದನ್ನು ಮಗನ ಕಡೆ ಚಾಚಿದರು, ಅವನು ಬಂದು ತೆಗೆದುಕೊಳ್ಳುವವರೆಗೂ ಕೈ ಇಳಿಸಲಿಲ್ಲ.

* * *

ಮಧ್ಯಾಹ್ನ ಮೈತೇನ್ ಒಬ್ಬಳೇ ಫ್ರೇಸರ್ ಅವರ ಕುರಿ ಹಟ್ಟಿಗೆ ಗಾಡಿ ಓಡಿಸಿದಳು. ನೆಲೀದಾ ಅಂಗಳಕ್ಕೇ ಬಂದಳು. ಮೈತೇನ್ ಹಿಡಿದಿದ್ದ ಬ್ಯಾಗ್‌ಪೈಪಿನ ಚೀಲ ಒತ್ತಿ ನೋಡಿ, ಚರ್ಮ ಮೆತ್ತಗಿದೆ, ಚೆನ್ನಾಗಿ ನೋಡಿಕೊಂಡಿದ್ದಾನೆ ಅಂದಳು.

“ಉಣ್ಣೆ ಕತ್ತರಿಸೋ ಹೊತ್ತಿಗೆ ತಂದ್ಕೊಡ್ತೀನಿ ಅಂದಿದ್ದ. ಅದಕ್ಕಿನ್ನೂ ತಿಂಗಳುಗಟ್ಟಲೆ ಇದೆ...” ಅಂದಳು ಮುದುಕಿ.

“ಹೌದು,” ಅಂದಳು ಮೈತೇನ್. “ಬೇಗ ಆಯ್ತು.”

ಎರಡೂ ಕೈಯಲ್ಲಿ ಹಿಡಿದು ಅದನ್ನು ನೆಲೀದಾಳ ತೋಳಿಗಿಟ್ಟಳು.